ವೇಷವೂ ಕಾಯಕವೂ

ಬಸವನ ಬಾಗೇವಾಡಿಗೆ ಯಾತ್ರೆ ಹೋದವರು ಸಮೀಪದ ಇಂಗಳೇಶ್ವರವನ್ನೂ ಕಂಡು ಬರುವುದು ವಾಡಿಕೆ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರು ಇದೇ ಊರು, ಬಸವಣ್ಣನವರು ಕಣ್ಣು ತೆರೆದುದೂ ಇಲ್ಲಿಯೇ ಎಂಬ ನಂಬಿಕೆ ಆ ಸೀಮೆಯಲ್ಲಿ ಆಳವಾಗಿ ಬೇರೂರಿದೆ. ಶರಣರ ಮಾತುಗಳನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ ವಚನ ಶಿಲಾಮಂಟಪ ಈಚಿನ ಕಾಲದ್ದು. ತಾಳೆಗರಿಯನ್ನು ಹುಳು ತಿಂದೀತು, ಕಾಗದ ಹರಿದೀತು, ಕಲ್ಲಾದರೂ ಉಳಿದೀತು ಎಂಬುದು ಅದನ್ನು ಕಟ್ಟಿಸಿದವರ ಆಶಯವಾಗಿರಬೇಕು.

ಆ ಊರಿನಿಂದ ಹಿಂದಿರುಗುವ ದಾರಿಯಲ್ಲಿ ಶರಣರ ಹೆಸರುಗಳನ್ನು ಒಂದೊಂದಾಗಿ ನೆನೆಯುತ್ತ ಹೋದರೆ ಒಂದು ಸಂಗತಿ ತಾನಾಗಿಯೇ ಎದ್ದು ಕಾಣುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ—ಹೆಸರಿಗೆ ಮುಂಚೆ ಕಸುಬು. ಇವರಲ್ಲಿ ಮಾಚಯ್ಯನಂತೂ ಇದೇ ಸೀಮೆಯ ದೇವರ ಹಿಪ್ಪರಗಿಯವನು. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಬಿದಿರು ಹೆಣೆಯುವುದು, ಇವೆಲ್ಲ ಲೋಕೋಪಯೋಗಿಯಾದ ಕೆಲಸಗಳು. ಇವು ಕಾಯಕವಾದುದರಲ್ಲಿ ನಮಗೆ ಆಶ್ಚರ್ಯವಿಲ್ಲ. ಆದರೆ ಅದೇ ಸಾಲಿನಲ್ಲಿ ಇನ್ನೊಬ್ಬ ಚೌಡಯ್ಯನೂ ಕುಳಿತಿದ್ದಾನೆ. ಆತನ ಹೆಸರು ಬಹುರೂಪಿ ಚೌಡಯ್ಯ. ನಾನಾ ವೇಷ ತೊಟ್ಟು ಜನರೆದುರು ಆಡುವುದೇ ಆತನ ಕಸುಬು. ದಿನಕ್ಕೊಂದು ರೂಪ ತಾಳಿ ಹೊಟ್ಟೆ ಹೊರೆಯುವ ಮನುಷ್ಯನನ್ನು ಶರಣರು ತಮ್ಮ ಪಂಕ್ತಿಗೆ ಹೇಗೆ ಕರೆದುಕೊಂಡರು? ವೇಷವನ್ನು ಅಷ್ಟೊಂದು ನಿಷ್ಠುರವಾಗಿ ಖಂಡಿಸಿದವರಿಗೆ ವೇಷಗಾರನು ಹೇಗೆ ಸಹ್ಯನಾದ?

ಈ ಪ್ರಶ್ನೆ ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುದಲ್ಲ. ರಾಮನಾಗಿ, ರಾವಣನಾಗಿ, ಹನುಮಂತನಾಗಿ ಊರೂರು ಅಲೆಯುವ ಹಗಲುವೇಷದವರು ಮೊನ್ನೆ ಮೊನ್ನೆಯವರೆಗೂ ನಮ್ಮ ಬೀದಿಗಳಲ್ಲಿದ್ದರು. ಅಲ್ಲಲ್ಲಿ ಇಂದಿಗೂ ಇದ್ದಾರೆ. ಅವರನ್ನು ನಾವು ಹೇಗೆ ಕಂಡೆವು ಎಂಬುದಕ್ಕೂ ಹನ್ನೆರಡನೆಯ ಶತಮಾನದವರು ಚೌಡಯ್ಯನನ್ನು ಹೇಗೆ ಕಂಡರು ಎಂಬುದಕ್ಕೂ ಇರುವ ಅಂತರವನ್ನು ಅಳೆದು ನೋಡುವುದು ಒಳ್ಳೆಯದು.

ಮೊದಲು ಚೌಡಯ್ಯನ ವಿಚಾರ. ಆತನ ಊರು ರೇಕಳಿಕೆ; ವಚನಗಳ ಅಂಕಿತ ರೇಕಣ್ಣಪ್ರಿಯ ನಾಗಿನಾಥ. ಆತನ ಬಾಳಿನ ಬಗ್ಗೆ ದೊರೆಯುವ ವಿವರ ಅತಿ ಸ್ವಲ್ಪ. ಆದರೆ ವಚನಗಳನ್ನು ಓದಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ತನ್ನ ಕಸುಬನ್ನು ಆತ ಮುಚ್ಚಿಡಲಿಲ್ಲ, ಬಿಡಲೂ ಇಲ್ಲ. ಅಂಬಿಗರ ಚೌಡಯ್ಯ ದೋಣಿ ಹುಟ್ಟುಗಳನ್ನು ಅನುಭಾವದ ಮಾತಾಗಿಸಿದಂತೆ ಈತ ಬಹುರೂಪವನ್ನೇ ಅನುಭಾವದ ಮಾತಾಗಿಸಿದ. ಆತ್ಮವು ತೊಟ್ಟ ದೇಹವೇ ಒಂದು ವೇಷವಲ್ಲವೆ? ಹುಟ್ಟು, ಹರೆಯ, ಮುಪ್ಪು ಇವು ಒಂದೇ ಆಟದ ಬೇರೆ ಬೇರೆ ರೂಪಗಳಲ್ಲವೆ? ಬಣ್ಣ ಹಚ್ಚಿ ಬಣ್ಣ ಒರೆಸಿದ ಮುಖಕ್ಕೆ ಈ ಸತ್ಯ ಪುಸ್ತಕವಿಲ್ಲದೆಯೇ ತಿಳಿದಿರುತ್ತದೆ.

ಚೌಡಯ್ಯ ಒಬ್ಬಂಟಿಯೂ ಅಲ್ಲ. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆ ಅದೇ ಕಾಲದವನು. ಆತನ ಅಂಕಿತ ಆತುರವೈರಿ ಮಾರೇಶ್ವರ. ಡಕ್ಕೆ ಬಾರಿಸುತ್ತ ಮಾರಿಯನ್ನು ಹೊತ್ತು ಮನೆಮನೆಗೆ ತಿರುಗುತ್ತಿದ್ದ ಡಕ್ಕೆಯ ಬೊಮ್ಮಣ್ಣನೂ ವಚನಕಾರ. ವೇಷ ತೊಟ್ಟು ಕುಣಿದು ರಂಜಿಸುವ ಕಲಕೇತರ ಹೆಸರನ್ನೇ ಹೊತ್ತ ಕಲಕೇತಯ್ಯನೂ ಉಂಟು. ಒಬ್ಬನಿದ್ದರೆ ಅಪವಾದವೆಂದು ಬದಿಗಿಡಬಹುದಿತ್ತು. ನಾಲ್ವರಿದ್ದಾಗ ಅದು ಒಂದು ನಿಲುವೆಂದೇ ಹೇಳಬೇಕು. ಹಾಡಿ, ಕುಣಿದು, ನಗಿಸಿ ಬದುಕುವವನ ದುಡಿಮೆಯೂ ದುಡಿಮೆಯೇ ಎಂದು ಆ ಕಾಲದ ಒಂದು ಗುಂಪು ತೀರ್ಮಾನಿಸಿತ್ತು.

ಇಂಥವರ ಹೆಸರುಗಳು ನಮಗೆ ತಿಳಿದಿರುವುದಕ್ಕೂ ಬಿಜಾಪುರ ಸೀಮೆಗೂ ನಿಕಟವಾದ ನಂಟಿದೆ. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮಠಮನೆಗಳ ಜಂತಿಗಳಲ್ಲಿ ಧೂಳು ತಿನ್ನುತ್ತಿದ್ದ ಓಲೆಗರಿಗಳನ್ನು ಹುಡುಕಿ ತಂದು, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆ ಹೊರಟಿತು. ಮುದ್ರಣದ ಸಲುವಾಗಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ದೊಡ್ಡ ಹೆಸರುಗಳನ್ನು ಮಾತ್ರ ಅಚ್ಚು ಹಾಕಿಸಿ ಅವರು ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಬಸವಣ್ಣ, ಅಲ್ಲಮಪ್ರಭುಗಳ ಪಕ್ಕದಲ್ಲಿಯೇ ವೇಷಗಾರನೂ ನಗೆಗಾರನೂ ಮತ್ತೆ ಬಂದು ಕುಳಿತರು.

ಈಗ ವೇಷದ ಪ್ರಶ್ನೆಗೆ ಬರೋಣ. ಬಸವಪುರಾಣದ ಪರಂಪರೆಯಲ್ಲಿ ಒಂದು ಸೊಗಸಾದ ಕಥೆಯಿದೆ. ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣವನ್ನು ಭೀಮಕವಿ ೧೩೬೯ರಲ್ಲಿ ಕನ್ನಡಕ್ಕೆ ತಂದ. ಕಲ್ಯಾಣದಲ್ಲಿ ಬಸವಣ್ಣನವರ ಮನೆಯ ಬಾಗಿಲು ಲಿಂಗಧಾರಿಗಳಿಗೆ ಸದಾ ತೆರೆದಿರುತ್ತಿತ್ತು. ಬಂದವರಿಗೆ ಉಪಚಾರ, ಊಟ, ಬೇಡಿದ್ದು. ಇದನ್ನು ತಿಳಿದ ಕಳ್ಳರ ತಂಡವೊಂದು ಒಳಹೊಗಲು ಉಪಾಯ ಹೂಡಿತು. ಮೈಗೆ ಬೂದಿ ಬಳಿದದ್ದಾಯಿತು. ಕೊರಳಿಗೆ ಕಟ್ಟಿಕೊಳ್ಳಲು ಲಿಂಗ ಬೇಕಲ್ಲ? ಬದನೆಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡರು. ಜಂಗಮರಾಗಿ ಹೊರಟ ಈ ದಾರಿಹೋಕರನ್ನು ಬಸವಣ್ಣನವರು ಭಕ್ತಿಯಿಂದ ಬರಮಾಡಿಕೊಂಡರು. ಮುಂದೆ ಪೂಜೆಯ ಸಮಯ. ಗಂಟು ಬಿಚ್ಚಲೇಬೇಕು. ಆಗ ಈ ಕಳ್ಳರ ಎದೆ ಹೇಗೆ ಹೊಡೆದುಕೊಂಡಿರಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಆದರೆ ಬಸವಣ್ಣನವರ ನಂಬಿಕೆಯ ಬಲದಿಂದ ಬದನೆಕಾಯಿಗಳು ಲಿಂಗಗಳೇ ಆಗಿದ್ದವು.

ಇದನ್ನು ಪವಾಡವೆಂದು ನಂಬುವವರು ನಂಬಬಹುದು. ನಂಬದವರಿಗೂ ಇದರಲ್ಲಿ ತಿರುಳಿದೆ. ಕಥೆಯ ಅರ್ಧಭಾಗ ಅಪ್ಪಟ ಹಾಸ್ಯ. ಬದನೆಕಾಯಿಯನ್ನು ಆರಿಸಿದ ಕಥೆಗಾರನಿಗೆ ಜನರ ನಾಡಿ ಚೆನ್ನಾಗಿ ತಿಳಿದಿತ್ತು. ಇನ್ನರ್ಧ ಮಾತ್ರ ಗಂಭೀರ. ಎದುರಿನವನು ಸಂಪೂರ್ಣವಾಗಿ ನಂಬಿದರೆ ಸುಳ್ಳುವೇಷದವನಿಗೆ ಆ ವೇಷಕ್ಕೆ ತಕ್ಕಂತೆ ಬಾಳುವುದರ ಹೊರತು ಬೇರೆ ದಾರಿಯೇ ಉಳಿಯುವುದಿಲ್ಲ.

ಕಳ್ಳನ ವೇಷಕ್ಕೂ ಬಹುರೂಪಿಯ ವೇಷಕ್ಕೂ ಇರುವ ಭೇದವೂ ಇಲ್ಲಿಯೇ ತಿಳಿಯುತ್ತದೆ. ಕಳ್ಳನು ತಾನು ವೇಷ ತೊಟ್ಟಿಲ್ಲವೆಂದು ನಟಿಸುತ್ತಾನೆ. ಬಹುರೂಪಿಯಾದರೋ ತಾನು ತೊಟ್ಟದ್ದು ವೇಷವೆಂದು ಸಾರಿಯೇ ಆಟ ಆರಂಭಿಸುತ್ತಾನೆ. ಸಂಜೆಗೆ ಅದನ್ನು ಕಳಚಿಡುತ್ತಾನೆ. ಶರಣರು ಖಂಡಿಸಿದ್ದು ಕಳಚಲಾರದ ವೇಷವನ್ನು, ಒಳಗೊಂದು ಹೊರಗೊಂದು ಆದ ಬದುಕನ್ನು. ಆ ದೃಷ್ಟಿಯಿಂದ ನೋಡಿದರೆ ಊರಿನಲ್ಲಿ ಎಲ್ಲರಿಗಿಂತ ಪ್ರಾಮಾಣಿಕನಾದ ವೇಷಧಾರಿ ಬಹುರೂಪಿಯೇ ಸರಿ. ಚೌಡಯ್ಯನಿಗೆ ಪಂಕ್ತಿಯಲ್ಲಿ ಜಾಗ ದೊರೆತುದರ ಒಳಮರ್ಮ ಇದಾಗಿರಬೇಕು.

ಆ ಪಂಕ್ತಿಯನ್ನು ಬಿಟ್ಟು ನಮ್ಮ ಬೀದಿಗೆ ಬರೋಣ. ಬಯಲಾಟ ರಾತ್ರಿಯದು, ಹಂದರ, ಪಂಜು, ಊರಿಗೆ ಊರೇ ಸೇರಿದ ಸಂಭ್ರಮ. ಹಗಲುವೇಷಕ್ಕೆ ಇದಾವುದೂ ಬೇಡ. ಸೂರ್ಯನೇ ದೀಪ, ಬೀದಿಯೇ ರಂಗ, ಮನೆಯ ಕಟ್ಟೆಯೇ ಪ್ರೇಕ್ಷಕರ ಆಸನ. ಬುಡ್ಗ ಜಂಗಮ, ವೇಷಗಾರ ಮೊದಲಾದ ಹೆಸರುಗಳಿಂದ ಕರೆಯಲ್ಪಡುವ ಅಲೆಮಾರಿ ಮನೆತನಗಳಿಗೆ ಇದು ವಂಶಪಾರಂಪರ್ಯವಾಗಿ ಬಂದ ವಿದ್ಯೆ. ಮನೆಯಲ್ಲಿ ಅವರಾಡುವುದು ಬಹುಮಟ್ಟಿಗೆ ತೆಲುಗು, ಬೀದಿಯಲ್ಲಿ ಹಾಡುವುದು ಕನ್ನಡ. ಕೆಲವು ವೇಳೆ ಎರಡೂ ಬೆರೆತು ಬರುವುದುಂಟು. ಒಂದು ಊರಿಗೆ ಬಂದರೆ ನಾಲ್ಕೆಂಟು ದಿನ ಬಿಡಾರ. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದು ಬಣ್ಣಕ್ಕೆ ಕೂತರೆಂದರೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಒಂದೊಂದಾಗಿ ಮುಖದ ಮೇಲೇರುತ್ತಿದ್ದವು. ಕಿರೀಟ, ಭುಜಕೀರ್ತಿ, ಎದೆಹಾರಗಳೆಲ್ಲ ಹಗುರ ಮರದವು. ಹೆಣ್ಣುಪಾತ್ರಕ್ಕೂ ಗಂಡಸರೇ. ಒಬ್ಬನ ಕೊರಳಿಗೆ ಹಾರ್ಮೋನಿಯಂ ನೇತುಬಿದ್ದಿರುತ್ತಿತ್ತು, ಇನ್ನೊಬ್ಬನ ಸೊಂಟಕ್ಕೆ ತಬಲ. ಹಾಡು ನಡೆಯುತ್ತಲೇ ಮೇಳವೂ ನಡೆಯುತ್ತಿತ್ತು.

ದಿನಕ್ಕೊಂದು ವೇಷ. ಇಂದು ರಾಮಲಕ್ಷ್ಮಣರು, ನಾಳೆ ಮೋಹಿನಿ ಭಸ್ಮಾಸುರರು, ನಾಡಿದ್ದು ಶೂರ್ಪನಖಿ. ಪುರಾಣದ ಗಾಂಭೀರ್ಯ ಹೆಚ್ಚಾಯಿತೆಂದು ತೋರಿದರೆ ನಡುವೆ ಹಾಸ್ಯ. ಪೊಲೀಸನ ವೇಷ ಹಾಕಿ ಅಂಗಡಿಕಾರನನ್ನು ಗದರಿಸಿ, ಅವನು ಬೆವರುವಷ್ಟರಲ್ಲಿ ಸಲಾಮು ಹೊಡೆದು ನಕ್ಕು, ಅವನಿಂದಲೇ ಕಾಸು ಪಡೆಯುವ ಆಟ ಬಹುರೂಪಿಗಳಲ್ಲಿ ಹಳೆಯದು. ಕೊನೆಯ ದಿನ ಮನೆಮನೆಯಿಂದ ಜೋಳ, ಹಳೆಯ ಬಟ್ಟೆ, ನಾಲ್ಕಾರು ಕಾಸು. ಅಲ್ಲಿಗೆ ಆ ಊರಿನ ಋಣ ತೀರಿತು.

ಈ ಆಟದ ನಿಜವಾದ ವಿನೋದ ಬೀದಿಯಲ್ಲಿ ಅಲ್ಲ, ಗುಡಿಯ ಹಿಂಬದಿಯಲ್ಲಿ. ಅಲ್ಲಿ ರಾವಣನಿಂದ ಬೆಂಕಿ ಪಡೆದು ರಾಮನು ಬೀಡಿ ಹಚ್ಚುವನು. ಸೀತಾಮಾತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆರಳಿನಲ್ಲಿ ಕಾಲು ಚಾಚುವಳು. ಇದನ್ನು ಕದ್ದು ನೋಡಿದ ಹುಡುಗರಿಗೆ ದೊಡ್ಡ ಗೊಂದಲ. ಆದರೆ ಅದೇ ಹುಡುಗರು ಮಾರನೆಯ ದಿನ ರಾವಣನ ಗರ್ಜನೆಗೆ ಹೆದರಿ ಅಜ್ಜಿಯ ಸೀರೆಯ ಮರೆಗೆ ಓಡುತ್ತಿದ್ದರು. ಅಜ್ಜಿಯೋ ರಾಮನ ಪಾತ್ರಧಾರಿಗೆ ಆರತಿ ಎತ್ತಿ, 'ನಮ್ಮಪ್ಪಾ, ಈ ವರ್ಷರ ಮಳಿ ಕೊಡು' ಎಂದು ಕೈಮುಗಿಯುತ್ತಿದ್ದಳು. ತಾನು ರಾಮನಲ್ಲವೆಂದು ಅವನಿಗೆ ಗೊತ್ತು. ಅವನು ರಾಮನಲ್ಲವೆಂದು ಅವಳಿಗೂ ಗೊತ್ತು. ಆದರೂ ಅವನು ಅಭಯಹಸ್ತ ತೋರಿ ಹರಸಲೇಬೇಕು. ಬದನೆಕಾಯಿ ಲಿಂಗವಾಗುವ ಗಳಿಗೆಯೆಂದರೆ ಇದೇ.

ವೇಷದಲ್ಲಿ ದೈವವನ್ನೂ ದೈವದಲ್ಲಿ ವೇಷವನ್ನೂ ಕಾಣುವುದು ಉತ್ತರ ಕರ್ನಾಟಕದ ಜನಕ್ಕೆ ಹೊಸತಲ್ಲ. ಅವರ ಅಚ್ಚುಮೆಚ್ಚಿನ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಅಪರಾಳ ತಮ್ಮಣ್ಣನಿಂದ ಹುಟ್ಟಿ, ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ಈ ಹಾಡಿನಾಟ, ಕೌಜಲಗಿಯ ನಿಂಗಮ್ಮನಂಥ ಕಲಾವಿದೆಯರಿಂದ ಮನೆಮಾತಾಯಿತು. ಕಥೆ ಒಂದು ಹೂವಿನ ಜಗಳ. ರುಕ್ಮಿಣಿಗೆ ಪಾರಿಜಾತ ದೊರೆತುದಕ್ಕೆ ಸತ್ಯಭಾಮೆ ಮುನಿದು ಬಾಗಿಲಿಕ್ಕಿಕೊಂಡಳು. ಜಗದೊಡೆಯನು ಆಗ ಮಾಡಿದ್ದೇನು? ಕೊರವಂಜಿಯ ವೇಷ ಹಾಕಿ, ಬುಟ್ಟಿ ಹೊತ್ತು, ಕಣಿ ಹೇಳುತ್ತ ಮಡದಿಯ ಅಂಗಳಕ್ಕೆ ಬಂದ! ಮನುಷ್ಯನು ದೇವರ ವೇಷ ಹಾಕುವ ನಾಡಿನಲ್ಲಿ ದೇವರೂ ಅಲೆಮಾರಿಯ ವೇಷ ಹಾಕಬೇಕಾಯಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡ ಪ್ರೇಕ್ಷಕರು ಆ ಮಾತಿನ ಅರ್ಥವನ್ನು ಮನೆಗೆ ಕೊಂಡೊಯ್ದರೋ ಇಲ್ಲವೋ, ಅದು ಬೇರೆ ಮಾತು.

ಏಕೆಂದರೆ ಅದೇ ಊರಿನಲ್ಲಿ ಹಗಲು ಆರತಿ ಪಡೆದ ರಾಮನು ಸಂಜೆ ಬಣ್ಣ ತೊಳೆದೊಡನೆ ಊರ ಹೊರಗಿನ ಗುಡಾರಕ್ಕೆ ಹೋಗಬೇಕಿತ್ತು. ಅವನ ಕಾಲಿಗೆ ಎರಗಿದ ಮನೆಯಲ್ಲಿ ಅವನಿಗೆ ಒಳಗೆ ಪ್ರವೇಶವಿರಲಿಲ್ಲ. ನೀರು ಬೇಕಾದರೆ ಮೇಲಿನಿಂದ ಸುರಿಯುತ್ತಿದ್ದರು. ನಾವು ವೇಷಕ್ಕೆ ಕೈಮುಗಿದೆವು, ಮನುಷ್ಯನನ್ನು ಹೊರಗಿಟ್ಟೆವು. ಶರಣರು ಮಾಡಿದ್ದು ಇದರ ವಿಪರೀತ. ಅವರು ಚೌಡಯ್ಯನ ವೇಷಕ್ಕೆ ಕೈಮುಗಿಯಲಿಲ್ಲ. ವೇಷ ಕಳಚಿದ ಚೌಡಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆತನ ಮಾತನ್ನು ಕೇಳಿದರು, ಬರೆದಿಟ್ಟರು.

ದೂರದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ಓಬರಾಮರ್ಗೌ ಎಂಬ ಬೆಟ್ಟದ ತಪ್ಪಲಿನ ಹಳ್ಳಿಯಿದೆ. ೧೬೩೩ರಲ್ಲಿ ಪ್ಲೇಗು ಬಡಿದಾಗ, ಈ ಮಾರಿ ತೊಲಗಿದರೆ ಯೇಸುವಿನ ಕೊನೆಯ ದಿನಗಳ ಕಥೆಯನ್ನು ಆಡಿತೋರಿಸುತ್ತೇವೆಂದು ಊರವರು ಹರಕೆ ಹೊತ್ತರು. ೧೬೩೪ರಲ್ಲಿ ಮೊದಲ ಆಟವಾಯಿತು. ಮುಂದೆ ಹತ್ತು ವರ್ಷಕ್ಕೊಮ್ಮೆ ಆಡುವುದು ರೂಢಿಯಾಯಿತು. ೨೦೨೦ರ ಆಟ ಕೋವಿಡ್ ಮಾರಿಯಿಂದಾಗಿ ತಪ್ಪಿ ೨೦೨೨ರಲ್ಲಿ ನಡೆಯಿತು. ಬೈಬಲಿನ ಪಾತ್ರಗಳಾಗುವವರು ಅದೇ ಊರಿನ ಬಡಗಿಗಳು, ಅಂಗಡಿಕಾರರು, ವಿದ್ಯಾರ್ಥಿಗಳು. ತಿಂಗಳುಗಟ್ಟಲೆ ಮುಂಚೆಯೇ ಕೂದಲು ಗಡ್ಡ ಬಿಟ್ಟು ತಿರುಗುವ ಇವರಲ್ಲಿ ಯಾವನು ಪೇತ್ರ, ಯಾವನು ಯೂದ ಎಂದು ಊರಿಗೆಲ್ಲ ಗೊತ್ತು. ಆಟ ಮುಗಿದ ಮೇಲೆ ಪೇತ್ರನೂ ಯೂದನೂ ತಮ್ಮ ತಮ್ಮ ಮನೆಗೆ ಹೋಗಿ ಮಲಗುತ್ತಾರೆ. ಪ್ರಪಂಚದ ನಾನಾ ಕಡೆಯಿಂದ ಜನ ದುಡ್ಡು ಕೊಟ್ಟು ನೋಡಲು ಬರುತ್ತಾರೆ. ಅಲ್ಲಿ ವೇಷ ತೊಟ್ಟವನು ನೆರೆಯವನು. ನಮ್ಮಲ್ಲಿ ಅವನು ಪರದೇಶಿ. ಭೇದ ಕಲೆಯಲ್ಲಿಲ್ಲ, ಕಲಾವಿದನಿಗೆ ಒಂದು ಸ್ವಂತ ಊರು ಇದೆಯೇ ಇಲ್ಲವೇ ಎಂಬುದರಲ್ಲಿದೆ.

ಊರಿಲ್ಲದವನನ್ನು ಅನುಮಾನದಿಂದ ನೋಡುವುದನ್ನು ಕಾನೂನೇ ಕಲಿಸಿಕೊಟ್ಟ ಕಾಲವೂ ಒಂದಿತ್ತು. ಬ್ರಿಟಿಷರು ೧೮೭೧ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದರು. ೧೯೧೧ರಲ್ಲಿ ಹೊಸ ಕಾಯಿದೆ ಬಂದಿತು. ಹುಟ್ಟಿದ ಕುಲವೇ ಅಪರಾಧಕ್ಕೆ ಸಾಕ್ಷಿ ಎಂಬುದು ಅದರ ತರ್ಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಜಾಪುರದಲ್ಲಿಯೇ ಇಂಥ ಸಮುದಾಯಗಳಿಗಾಗಿ ಒಂದು ಸೆಟ್ಲಮೆಂಟು ಏರ್ಪಟ್ಟಿತು. ಹಾಜರಿ ಕೊಡದೆ ಹೊರಗೆ ಹೋಗುವಂತಿರಲಿಲ್ಲ. ಬಹುರೂಪಿಗಳೆಲ್ಲ ಆ ಪಟ್ಟಿಯಲ್ಲಿದ್ದರೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಗುಡಾರ ಹೊತ್ತು ತಿರುಗುವವನೆಂಬುದೇ ಸಂಶಯಕ್ಕೆ ಸಾಕಾಯಿತು ಎಂಬುದಷ್ಟೇ ಮಾತು. ವೇಷ ಹಾಕಿಕೊಂಡು ತಿರುಗುವವನ ಪಾಡನ್ನಂತೂ ಕೇಳಬೇಕಾಗಿಲ್ಲ. ಬದನೆಕಾಯಿ ಕಟ್ಟಿಕೊಂಡು ಬಂದ ಕಳ್ಳರನ್ನೂ ನಂಬಿದವರ ಸೀಮೆಯಲ್ಲಿ, ಕಳ್ಳತನವನ್ನೇ ಮಾಡದವರನ್ನೂ ನಂಬದ ಕಾಲ ಬಂದಿತ್ತು.

ಸ್ವಾತಂತ್ರ್ಯ ಬಂದಮೇಲೆ, ೧೯೫೨ರಲ್ಲಿ, ಆ ಕಾಯಿದೆ ರದ್ದಾಯಿತು. ಆದರೆ ಹಳೆಯ ದೃಷ್ಟಿ ಹೊಸ ಉಡುಪು ತೊಟ್ಟಿತು. ಮುಂಬಯಿಯಲ್ಲಿ ೧೯೫೯ರಲ್ಲಿ ಬಂದ ಭಿಕ್ಷಾಟನೆ ತಡೆ ಕಾಯಿದೆ ಹಾಡುವುದು, ಕುಣಿಯುವುದು, ಕಣಿ ಹೇಳುವುದು ಇವನ್ನೂ ಭಿಕ್ಷೆ ಬೇಡುವ ನೆಪಗಳ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ, ೧೯೫೬ರ ನವೆಂಬರಿನಲ್ಲಿ, ಬಿಜಾಪುರ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಕರ್ನಾಟಕಕ್ಕೂ ೧೯೭೫ರಲ್ಲಿ ಭಿಕ್ಷಾಟನೆ ನಿಷೇಧದ ಕಾಯಿದೆ ಬಂದಿತು. ಭಿಕ್ಷಾಟನೆಯನ್ನು ತಡೆಯಬಾರದೆಂದು ಯಾರೂ ಹೇಳಲಾರರು. ಆದರೆ ಹಾಡು ಯಾವುದು, ಭಿಕ್ಷೆ ಯಾವುದು ಎಂದು ಬೇರ್ಪಡಿಸುವವರು ಯಾರು? ಟಿಕೀಟು ಕೊಂಡು ಕುರ್ಚಿಯಲ್ಲಿ ಕುಳಿತು ಕೇಳಿದರೆ ಅದು ಸಂಗೀತ. ಕಟ್ಟೆಯ ಮೇಲೆ ಕುಳಿತು ಕೇಳಿ ಜೋಳ ಕೊಟ್ಟರೆ ಅದು ತಿರುಪೆ! ಈ ತೀರ್ಪನ್ನು ಬಹುರೂಪಿ ಚೌಡಯ್ಯನ ಮುಂದೆ ಓದಿಹೇಳಲು ನಮಗೆ ಬಾಯಿ ಬಂದೀತೆ?

ಕಾನೂನಿಗಿಂತ ಹೆಚ್ಚಾಗಿ ಹಗಲುವೇಷವನ್ನು ಸೊರಗಿಸಿದ್ದು ಕಾಲ. ಸಿನಿಮಾ ಬಂದು ರಾಮನನ್ನು ಬಿಳಿಯ ಪರದೆಯ ಮೇಲೆ ತೋರಿಸಿತು. ೧೯೮೭ರಲ್ಲಿ ದೂರದರ್ಶನದ ರಾಮಾಯಣ ಆರಂಭವಾಯಿತು. ಅದು ಬಿತ್ತರವಾಗುವ ಹೊತ್ತಿಗೆ ಪೆಟ್ಟಿಗೆಗೇ ಹೂಮಾಲೆ ಹಾಕಿ ಊದುಬತ್ತಿ ಹಚ್ಚಿದವರುಂಟು. ಅಜ್ಜಿಯ ಕೈಯ ಆರತಿ ತಟ್ಟೆ ನಿಂತಿರಲಿಲ್ಲ, ಬೀದಿಯಿಂದ ಪಡಸಾಲೆಗೆ ತಿರುಗಿತ್ತು ಅಷ್ಟೆ. ಹಗಲುವೇಷದ ಮಕ್ಕಳಲ್ಲಿ ಅನೇಕರು ಪಾತ್ರೆ, ಪ್ಲಾಸ್ಟಿಕ್ಕು ಸಾಮಾನುಗಳ ವ್ಯಾಪಾರಕ್ಕೋ ಕೂಲಿಗೋ ಹೋದರು. ಶಾಲೆಗೆ ಹೋಗಿ ಓದಿದವರೂ ಇದ್ದಾರೆ. ಅದು ಸಂತೋಷದ ಸಂಗತಿ. ಅಪ್ಪನ ಕಸುಬನ್ನೇ ಮಗನು ಮಾಡಬೇಕೆಂದು, ನಮ್ಮ ನೋಟದ ಸುಖಕ್ಕಾಗಿ ಅವನು ಬಿಸಿಲಲ್ಲಿ ಕುಣಿಯುತ್ತಲೇ ಇರಬೇಕೆಂದು ಬಯಸುವುದು ಕಲಾಭಿಮಾನವಲ್ಲ, ಕ್ರೌರ್ಯ.

ಹಾಗಾದರೆ ನಾವು ಬಯಸತಕ್ಕದ್ದು ಏನು? ಉತ್ಸವಗಳ ಮೆರವಣಿಗೆಯಲ್ಲಿ ಹಗಲುವೇಷದವರನ್ನು ನಿಲ್ಲಿಸುವುದು ಈಗ ರೂಢಿಯಾಗಿದೆ. ಕಿರೀಟ ತೊಟ್ಟವರು ಮುಂದೆ ನಡೆಯುತ್ತಾರೆ, ಚಿತ್ರ ತೆಗೆಯುವವರು ತೆಗೆಯುತ್ತಾರೆ, ಮೆರವಣಿಗೆ ಮುಗಿಯುತ್ತದೆ. ಇಲ್ಲಿಯೂ ನಾವು ನೋಡಿದ್ದು ವೇಷವನ್ನೇ. ಬಣ್ಣ ತೊಳೆದ ಮೇಲೆ ಅವರು ಎಲ್ಲಿ ಉಂಡರು, ಎಲ್ಲಿ ಮಲಗಿದರು, ಅವರ ಮಕ್ಕಳಿಗೆ ಯಾವ ಶಾಲೆಯ ಬಾಗಿಲು ತೆರೆಯಿತು ಎಂದು ಕೇಳಿದವರು ವಿರಳ. ಅವರ ಬಾಯಿಯಲ್ಲಿರುವ ಹಾಡುಗಳನ್ನು ಬರೆದುಕೊಂಡವರೂ ಕೆಲವರೇ. ಕಲಾವಿದನ ಹೆಸರು ಕೇಳಿ, ಅದನ್ನು ಹಾಡಿನ ಕೆಳಗೆ ಬರೆದಿಟ್ಟರೆ ಅದೇ ದೊಡ್ಡ ಉಪಕಾರ. ಹಳಕಟ್ಟಿಯವರು ಓಲೆಗರಿಗೆ ಮಾಡಿದ್ದನ್ನು ಇನ್ನಾರಾದರೂ ಈ ಕಂಠಗಳಿಗೆ ಮಾಡಬೇಕಾಗಿದೆ.

ಮತ್ತೆ ಇಂಗಳೇಶ್ವರಕ್ಕೆ ಬರೋಣ. ಕಲ್ಲಿನಲ್ಲಿ ಅಕ್ಷರ ಕೆತ್ತಿದವರು ಅದು ಅಳಿಯಬಾರದೆಂದು ಕೆತ್ತಿದರು. ಬಣ್ಣ ಹಚ್ಚಿಕೊಳ್ಳುವವನು ಸಂಜೆಗೆ ಅಳಿಸಲೆಂದೇ ಹಚ್ಚಿಕೊಳ್ಳುತ್ತಾನೆ. ಹನ್ನೆರಡನೆಯ ಶತಮಾನ ಈ ಎರಡು ಬಗೆಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿತು. ಮುಂದೆ ಎಂದಾದರೂ ನಮ್ಮ ಬೀದಿಗೆ ರಾಮನ ವೇಷದವನು ಬಂದರೆ ಕೈಮುಗಿಯುವವರು ಮುಗಿಯಲಿ, ಬೇಡವೆನ್ನುವವರು ಬಿಡಲಿ. ಬಣ್ಣ ತೊಳೆದು ಬಂದ ಮೇಲೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಒಂದು ತಂಬಿಗೆ ನೀರು ಕೈಗೆ ಕೊಟ್ಟು, 'ನಿಮ್ಮ ಹೆಸರೇನ್ರಿ?' ಎಂದು ಕೇಳುವಷ್ಟಾದರೂ ನಮ್ಮಿಂದ ಆಗಬೇಕು.